ನಾಲ್ಕು ಯೂನಿವರ್ಸಿಟಿ, ನಾಲ್ಕು ದೇವರು

ಒಂದೇ ಸಲ ನಾಲ್ಕು ದೊಡ್ಡ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಿದ್ದೇನೆ ಎಂದಾಗ ಅಪ್ಪನಿಗೆ ಅದು ವಿಚಿತ್ರ ಅನಿಸಲೇ ಇಲ್ಲ. ಸೊಲ್ಲಾಪುರದಲ್ಲಿ ಟವೆಲ್ಲಿನ ಅಂಗಡಿ ಅವನದು. "ಸ್ಯಾಂಪಲ್ ನಾಕ ಕಡಿ ಕಳಸಬೇಕವ್ವಾ. ಒಂದ ಕಡಿಯಿಂದರ ಆರ್ಡರ್ ಬರ್ತದ," ಎಂದು ಚಹಾ ಮುಗಿಸಿ ಅಂಗಡಿಗೆ ಹೋದ. ಹೀಗೆ ನಾನು ಸ್ಯಾಂಪಲ್ ಆದೆ.

ದಿಲ್ಲಿ, ಮುಂಬೈ, ಹೈದರಾಬಾದು, ಇಂಗ್ಲೆಂಡು. ನಾಲ್ಕೂ ಕಡೆ ಒಳಗೆ ಕಾಲಿಡುವುದೇ ಕಷ್ಟ. ನನ್ನ ಜೀವವೆಲ್ಲ ಇಂಗ್ಲೆಂಡಿನ ಮೇಲಿತ್ತು. ಬಟ್ಟೆ ಗಿರಣಿಗಳು ಮುಚ್ಚಿದ ಮೇಲೆ ಊರುಗಳು ಹೇಗೆ ಬದುಕುತ್ತವೆ ಎಂಬುದನ್ನು ಅಲ್ಲಿ ಒಂದು ವಿಷಯವಾಗಿಯೇ ಕಲಿಸುತ್ತಾರೆ. ಮುಚ್ಚಿದ ಗಿರಣಿಯ ಗೋಡೆ ಹಿಡಿದೇ ದಿನಾ ಶಾಲೆಗೆ ಹೋಗಿ ಬಂದವಳು ನಾನು. ಅದೊಂದು ಸಿಕ್ಕರೆ ಸಾಕಿತ್ತು, ಉಳಿದ ಮೂರು ಬರೀ ಧೈರ್ಯಕ್ಕೆ.

ತೊಡಕು ಇದ್ದದ್ದು ಆಯಿಯ ಹತ್ತಿರ. ಆಯಿ ಎಂದರೆ ಅಪ್ಪನ ತಾಯಿ. ಅಕ್ಕಲಕೋಟದಾಚೆ ಹನ್ನೂರಿನಲ್ಲಿ ಹೊಲ, ಕುರಿ ನೋಡಿಕೊಂಡಿದ್ದಾಳೆ. ನಾಲ್ಕನ್ನೂ ಒಬ್ಬನೇ ದೇವರಿಗೆ ಹೇಳಿದರೆ ಅವನಿಗೆ ಗೊಂದಲವಾಗುತ್ತದೆ ಎಂದು ಅವಳು ಒಂದೊಂದನ್ನು ಒಬ್ಬೊಬ್ಬರಿಗೆ ವಹಿಸಿದಳು. ಯಾವುದು ಯಾರ ಪಾಲಿಗೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಫಲ ಗೊತ್ತಾಗುವ ಮೊದಲು ಹರಕೆಯನ್ನು ಹೊರಗೆ ಹೇಳಬಾರದಂತೆ.

"ರೇಲ್ವೆ ಹೋಗೂ ಊರ ಇದ್ರ ಅಡ್ಡಿಯಿಲ್ಲ. ಆ ಸಮುದ್ರದಾಚಿಗಿಂದು ಬ್ಯಾಡ ನೋಡ," ಎಂದು ಮಾತ್ರ ಸಾರಿ ಸಾರಿ ಹೇಳಿದಳು. "ಅಲ್ಲಿ ನಿನಗ ರೊಟ್ಟಿ ಯಾರ ಬಡದ ಕೊಡ್ತಾರ?"

ಅಲ್ಲಿಗೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಇಂಗ್ಲೆಂಡನ್ನು ಈ ಮುದುಕಿ ಯಾವುದೋ ಕೈಲಾಗದ ದೇವರ ಕೊರಳಿಗೆ ಕಟ್ಟಿದ್ದಾಳೆ, ಸಂಶಯವೇ ಇಲ್ಲ. ದೇವರು ದಿಂಡರು ಎಂದರೆ ನಗುವ ನನಗೆ ಈ ಒಂದು ವಿಷಯಕ್ಕೆ ಮಾತ್ರ ಭಯಂಕರ ಸಿಟ್ಟು ಬಂದಿತ್ತು.

ಮೊದಲು ದಿಲ್ಲಿ ಇಲ್ಲವೆಂದಿತು. ಫೋನಿನಲ್ಲಿ ಹೇಳಿದರೆ ಆಯಿ, "ಅದನ್ನ ಹಣಮಪ್ಪಗ ಕೊಟ್ಟಿದ್ದೆ. ಲಗ್ನಾ ಆಗದಾಂವ, ಹೆಣ್ಣಮಕ್ಕಳ ಕೆಲಸ ಅವಂಗ ಹೇಳಬಾರದಿತ್ತು," ಎಂದಳು. ಹೈದರಾಬಾದು ಕೈಕೊಟ್ಟಾಗ ಬೈಗುಳ ಮೈಲಾರನಿಗೆ. "ಎರಡ ಸಂಸಾರ ಅವಂದು. ನಿನ್ನ ಕಡಿ ನೋಡಾಕ ಪುರಸೊತ್ತ ಎಲ್ಲಿ ಐತಿ?" ಮುಂಬೈ ಊರದೇವಿ ಲಕ್ಷ್ಮವ್ವನ ಪಾಲಿಗೆ ಬಂದಿತ್ತಂತೆ. ಅದೂ ಹೋಯಿತು. ಆ ಸಲ ನನಗೆ ನಗು ಬರಲಿಲ್ಲ, ಆಯಿಗೆ ಬೈಗುಳವೂ ಬರಲಿಲ್ಲ.

ಇಂಗ್ಲೆಂಡಿನ ಉತ್ತರ ಬಂದಾಗ ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಟವೆಲ್ ಬಿಚ್ಚಿ ತೋರಿಸುತ್ತಿದ್ದೆ. ಮೊಬೈಲಿನಲ್ಲಿ ಓದಿದೆ. ಸೀಟೂ ಸಿಕ್ಕಿತ್ತು, ಪೂರ್ತಿ ಸ್ಕಾಲರ್‌ಶಿಪ್ಪೂ ಸಿಕ್ಕಿತ್ತು. ನಾನು ಕಿರುಚಿದ ರೀತಿಗೆ ಗಿರಾಕಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು. ಅಪ್ಪ ಆ ಟವೆಲ್ಲನ್ನು ಅವರಿಗೆ ಪುಕ್ಕಟೆ ಕೊಟ್ಟ. ಅವನು ಯಾರಿಗಾದರೂ ಪುಕ್ಕಟೆ ಕೊಟ್ಟದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮರುದಿನವೇ ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಹನ್ನೂರಿಗೆ ಹೋದೆ. ಸುದ್ದಿ ಕೇಳಿ ಆಯಿ ಬೇರೆ ಸೀರೆ ಉಟ್ಟು ಬೀರೋಬನ ಗುಡಿಗೆ ಕರೆದುಕೊಂಡು ಹೋದಳು. ಬೀರೋಬ ನಮ್ಮ ಮನೆದೇವರು. ಕುರಿ ತಪ್ಪಿಸಿಕೊಂಡರೂ, ಮಕ್ಕಳಿಗೆ ಜ್ವರ ಬಂದರೂ ಆಯಿ ಓಡುವುದು ಅವನ ಹತ್ತಿರವೇ. ಭಂಡಾರದ ಅರಿಶಿನ ಎರಚಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೈಮುಗಿದಳು.

"ಇಂಗ್ಲೆಂಡ ಇವಂಗ ಕೊಟ್ಟಿದ್ದೇನು?" ಎಂದೆ. "ಅಲ್ಲಿ ಹೋಗೂದ ಬ್ಯಾಡ ಅಂತಿದ್ದೆಲ್ಲ ನೀ?"

"ಈಗೂ ಬ್ಯಾಡ ಅಂತೀನಿ," ಎಂದಳು. "ಆದ್ರ ನಿನಗ ಅದ ಬೇಕಾಗಿತ್ತಲ್ಲ. ಇಂವಾ ನನ್ನ ಮಾತ ಒಮ್ಮಿನೂ ಮೀರಿಲ್ಲ. ಅದಕ್ಕ ಇವಂಗ ಹೇಳಿದೆ."

ನನಗೆ ಅಲ್ಲೇ ಅಳು ಒತ್ತಿ ಬಂತು. ಆಯಿ ನನ್ನ ಹಣೆಗೆ ಅರಿಶಿನ ಹಚ್ಚುತ್ತ ಗದರಿಸಿದಳು:

"ಸುಮ್ಮನಿರ. ಅಳೂದಿದ್ರ ನಾ ಅಳಬೇಕು."