ಓನರಮ್ಮನ ಎಡಗೈ ಹುಡುಗಿ

ಹೋದ ವಾರ ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಬಾಗಿಲು ಹಾಕಿಕೊಂಡರು. ನಾನೊಬ್ಬಳು ಕಿಟಕಿ ತೆಗೆದು ನಿಂತೆ. ಈ ಚಿಕ್ಕಬಳ್ಳಾಪುರದಲ್ಲಿ ಅದು ಚರಂಡಿಯ ವಾಸನೆ ಇರಬಹುದು, ನನಗೆ ಮಾತ್ರ ದಿಬ್ಬೂರಹಳ್ಳಿಯ ಒಂದು ರೇಷ್ಮೆ ಹುಳದ ಮನೆಯ ವಾಸನೆ. ಅಲ್ಲಿದ್ದ ನಮ್ಮ ಓನರಮ್ಮನ ವಾಸನೆ...

ಅಲ್ಲಿನ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಗಣಿತ ಪಾಠ ಮಾಡಿದೆ. ಬಾಡಿಗೆಗಿದ್ದದ್ದು ಅವರ ಹಿತ್ತಲಿನ ಒಂದು ಕೋಣೆಯಲ್ಲಿ. ಮನೆ ಓನರ್ ಆದ್ದರಿಂದ ನನಗೆ ಓನರಮ್ಮ, ಅವರಿಗೆ ನಾನು ಟೀಚರಮ್ಮ. ಅರವತ್ತರ ಆಸುಪಾಸು. ಮಗ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದ, ಸೊಸೆ ಅಡಿಗೆ ಮನೆ ನೋಡಿಕೊಳ್ಳುತ್ತಿದ್ದಳು, ರೇಷ್ಮೆ ಹುಳ ಮಾತ್ರ ಪೂರ್ತಿ ಓನರಮ್ಮನ ಜವಾಬ್ದಾರಿ. ಆ ವಿಷಯದಲ್ಲಿ ಅವರು ಯಾರ ಮಾತೂ ಕೇಳುವವರಲ್ಲ.

ನನಗಿದ್ದ ಒಂದೇ ಚಟ ಟೆನಿಸ್. ಆಡುವುದಲ್ಲ, ನೋಡುವುದು. ಮೊಬೈಲಿನಲ್ಲಿ ಆ್ಯಪ್ ಹಾಕಿಸಿಕೊಂಡಿದ್ದೆ. ಆದರೆ ನನ್ನ ಕೋಣೆಯ ಗೋಡೆ ಎಷ್ಟು ದಪ್ಪ ಎಂದರೆ ಸಿಗ್ನಲ್ ಒಳಗೆ ಬರಲು ಒಪ್ಪುತ್ತಲೇ ಇರಲಿಲ್ಲ. ಇಡೀ ಕಾಂಪೌಂಡಿನಲ್ಲಿ ಆಟ ತಡೆಯಿಲ್ಲದೆ ಓಡುತ್ತಿದ್ದ ಜಾಗ ಹುಳದ ಮನೆಯ ಮೆಟ್ಟಿಲು. ಸ್ಕೂಲು ಮುಗಿಸಿ ಬಂದವಳೇ ಅಲ್ಲಿ ಕೂತುಬಿಡುತ್ತಿದ್ದೆ. ಒಳಗಿನಿಂದ ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

ಒಂದು ಸಂಜೆ ಓನರಮ್ಮ ಬಾಗಿಲಿಗೆ ಬಂದು ನನ್ನ ಹೆಗಲ ಮೇಲಿಂದ ಇಣುಕಿದರು. ಕೆಂಪು ಮಣ್ಣಿನ ಅಂಗಳದ ಟೂರ್ನಿ ನಡೆಯುತ್ತಿತ್ತು.

"ಇದು ನಮ್ ಕಡೆ ಮಣ್ಣಲ್ವ ಟೀಚರಮ್ಮ? ಕಾಲ್ಚೀಲ ನೋಡಿ, ಒಗೆಯೋರ ಗತಿ ಏನು!"

ನಗುತ್ತಿದ್ದವರು ಇದ್ದಕ್ಕಿದ್ದ ಹಾಗೆ ಮೊಬೈಲಿನ ಹತ್ತಿರಕ್ಕೆ ಬಗ್ಗಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಆ ಹುಡುಗಿ ಎಡಗೈಲಿ ಹೊಡೀತಾವ್ಳೆ... ಯಾರೂ ಬೈಯಲ್ವ?"

ಆಗ ನನಗೆ ಹೊಳೆಯಿತು. ಓನರಮ್ಮ ಎಡಗೈಯವರು. ಜನ ಇದ್ದಾಗ ಬಲಗೈಯಲ್ಲಿ ತಡವರಿಸುತ್ತ ಸೊಪ್ಪು ಹಾಕುತ್ತಿದ್ದರು, ಯಾರೂ ಇಲ್ಲ ಅನ್ನಿಸಿದಾಗ ಎಡಗೈಯಲ್ಲಿ ಸರಸರನೆ ಹರಡಿ ಮುಗಿಸುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ, ಹುಳಕ್ಕೆ ಎಡಗೈಯಲ್ಲಿ ಸೊಪ್ಪು ಹಾಕಿದರೆ ಬೆಳೆ ಕೈಗೆ ಹತ್ತಲ್ಲ ಎಂದು ಕೈಗೆ ಬರೆ ಎಳೆದಿದ್ದರಂತೆ. ಅತ್ತೆ ಹೋಗಿ ಎಷ್ಟೋ ವರ್ಷವಾದರೂ ಹೆದರಿಕೆ ಹೋಗಿರಲಿಲ್ಲ.

"ಬೈಯೋದಾ? ಸಾವಿರಾರು ಜನ ಚಪ್ಪಾಳೆ ಹೊಡೀತಾರೆ ನೋಡಿ," ಎಂದೆ.

ಮರುದಿನ ನನ್ನನ್ನೇ ಒಳಗೆ ಕರೆದರು. ಹುಳದ ಮನೆಗೆ ಹೊರಗಿನವರನ್ನು ಬಿಡುವುದೆಂದರೆ ಸಣ್ಣ ಮಾತಲ್ಲ. ಹೂವು ಮುಡಿದಿರಬಾರದು, ಪೌಡರ್ ಹಾಕಿರಬಾರದು, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು. ಎಲ್ಲ ಮಾಡಿದೆ. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಓನರಮ್ಮ ನನ್ನ ಮೊಬೈಲನ್ನೂ ಅದೇ ನೀರಿನ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದ್ದರು. "ಎಲ್ಲೆಲ್ಲೋ ಇಟ್ಟಿರ್ತೀರ, ನಮ್ ಹುಳಕ್ಕೆ ರೋಗ ಬಂದ್ರೆ?" ಮೊಬೈಲ್ ಉಳಿಯಿತು, ಅದರ ಸ್ಪೀಕರಿನ ದನಿ ಹೋಯಿತು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಅಷ್ಟು ಹೊತ್ತಿಗೆ ಸೊಪ್ಪಿನ ಪುಟ್ಟಿಯನ್ನು ಬಲಗಡೆ ಒತ್ತರಿಸಿ, ನನ್ನ ಎದುರಿಗೇ ಎಡಗೈಯಲ್ಲಿ ಸೊಪ್ಪು ಹಾಕಲು ಶುರು ಮಾಡಿದ್ದರು. ನಾನು ಬೈಯಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಟೆನಿಸ್ ಮೂಕ ಟೆನಿಸ್. ಇಂಗ್ಲಿಷ್ ಕಾಮೆಂಟರಿ ಬದಲು ಓನರಮ್ಮನ ಕಾಮೆಂಟರಿ. ಆಟ ಬಿಗಿಯಾದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. "ಕೊಟ್ಟು ತಲ್ಲೀ, ಕೊಟ್ಟು!" ಎಂದು ಆ ದೂರದ ಹುಡುಗಿಗೆ, ಹೊಡಿ ತಾಯಿ ಎಂದು, ಕೂಗುವರು. ಅವಳ ಹೆಸರು ಅವರ ನಾಲಿಗೆಗೆ ಹೊರಳಲೇ ಇಲ್ಲ. ಎಡಗೈ ಹುಡುಗಿ ಎಂದೇ ಕೊನೆಯವರೆಗೂ.

ಒಂದೇ ಕೊರಗು. ಒಂದು ಆಟವನ್ನೂ ಅವರು ಪೂರ್ತಿ ನೋಡಿದ್ದಿಲ್ಲ. ಸೊಪ್ಪು ಕೊಯ್ಯುವ ಹೊತ್ತಾಗುತ್ತಿತ್ತು, ಇಲ್ಲ ಹುಳದ ತಟ್ಟೆ ಬದಲಿಸುವ ಹೊತ್ತಾಗುತ್ತಿತ್ತು. ಅರ್ಧಕ್ಕೇ ಎದ್ದು ಹೋಗುವರು. "ಒಂದಾದ್ರೂ ಕೊನೆಗಂಟ ನೋಡ್ಬೇಕು ಟೀಚರಮ್ಮ. ನಾನು ಕೂತು ಮುಗಿಸಿದ್ದು ಅಂತ ಏನೂ ಇಲ್ಲ ನೋಡಿ ಜೀವನದಾಗೆ," ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಎರಡನೇ ವರ್ಷ ಎಡಗೈ ಹುಡುಗಿ ಫೈನಲ್ ತಲುಪಿದಳು. ಶನಿವಾರ ಸಂಜೆ ಆಟ. ಇದನ್ನಂತೂ ಪೂರ್ತಿ ನೋಡುವುದೇ ಎಂದು ಓನರಮ್ಮ ವಾರದಿಂದ ಕೆಲಸ ಹೊಂದಿಸಿಕೊಂಡಿದ್ದರು. ಆದರೆ ಸೆಕೆ ಜಾಸ್ತಿಯಾಗಿ ಹುಳ ಒಂದು ದಿನ ಮೊದಲೇ ಹಣ್ಣಾಗಿ ಗೂಡು ಕಟ್ಟಲು ತಯಾರಾಗಿಬಿಟ್ಟವು. ಹಣ್ಣಾದ ಹುಳ ಕಾಯುವುದಿಲ್ಲ. ಕೂಡಲೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಯ ಮೇಲೆ ಬಿಡದಿದ್ದರೆ ಕೂತಲ್ಲೇ ನೂಲು ಬಿಟ್ಟು ಗೂಡು ಕೆಡುತ್ತದೆ. ಮಧ್ಯಾಹ್ನದಿಂದ ನಾನೂ ಅವರ ಜೊತೆ ಹುಳ ಆರಿಸಿದೆ.

"ಆ್ಯಪ್‌ನಾಗೆ ನಾಳೇನೂ ಇರ್ತದಲ್ವ? ನೀವೂ ನೋಡ್ಬೇಡಿ. ಇಬ್ರೂ ಒಟ್ಟಿಗೆ ನೋಡಣ," ಎಂದರು. ಆಯಿತು ಎಂದು ಮಾತು ಕೊಟ್ಟೆ.

ಮಾತು ಉಳಿಸಿಕೊಳ್ಳಲಿಲ್ಲ. ಕೈ ತೊಳೆದು ಬಂದವಳೇ ಸ್ಕೋರು ನೋಡಿಬಿಟ್ಟೆ. ಸೋತಿದ್ದಳು. ಗೆಲುವು ಕೈಗೆ ಬಂದಿದ್ದಾಗ ತಪ್ಪು ಮೇಲೆ ತಪ್ಪು ಮಾಡಿ ಸೋತಿದ್ದಳು.

ಬೆಳಿಗ್ಗೆ ಓನರಮ್ಮ ಸ್ನಾನ ಮಾಡಿ, ಮಡಿಚಿಟ್ಟ ಸೀರೆ ಉಟ್ಟು, ಚಾಪೆ ಮತ್ತು ಎರಡು ಲೋಟ ಕಾಫಿ ಹಿಡಿದು ಬಂದರು. ಆ ಮುಖ ನೋಡಿ ನನ್ನ ಬಾಯಿಂದ ಏನೇನೋ ಬಂತು. "ಅಯ್ಯೋ, ಆ ಮ್ಯಾಚನ್ನ ಆ್ಯಪ್‌ನಿಂದ ತೆಗೆದುಬಿಟ್ಟಿದ್ದಾರೆ ಓನರಮ್ಮ. ಆದ್ರೆ ಗೆದ್ದಳಂತೆ!"

"ಗೆದ್ಲಾ?" ಒಂದು ಗಳಿಗೆ ನನ್ನನ್ನೇ ನೋಡಿದರು. ಒಳಗೆ ಹೋಗಿ ಸಕ್ಕರೆ ತಂದು ಎಡಗೈಯಿಂದಲೇ ನನ್ನ ಬಾಯಿಗೆ ಹಾಕಿದರು.  ಒಂದು ಆಟವನ್ನು ಪೂರ್ತಿ ನೋಡುವ ಅವರ ಆಸೆಯನ್ನು ನಾನೇ ಕಿತ್ತುಕೊಂಡಿದ್ದೆ. ಆಮೇಲೂ ಎರಡು ವರ್ಷ ಅಲ್ಲೇ ಇದ್ದೆ, ನಿಜ ಹೇಳುವ ಧೈರ್ಯ ಬರಲಿಲ್ಲ. ಅವರೂ ಆ ಫೈನಲಿನ ಮಾತು ಎತ್ತಲಿಲ್ಲ. ಮರೆತಿದ್ದಾರೆ ಅಂದುಕೊಂಡೆ.

ನನಗೆ ಇಲ್ಲಿಗೆ ವರ್ಗವಾಯಿತು. ಹೋದ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಓನರಮ್ಮ ಹೋಗಿಬಿಟ್ಟರು. ತಿಥಿಗೆ ಹೋಗಿ ಊಟ ಮಾಡಿ ಬಂದೆ. ಟೆನಿಸ್ ನೋಡುವ ಮನಸ್ಸೇ ಆಗಿರಲಿಲ್ಲ ಅಲ್ಲಿಂದ...

ಹೋದ ವಾರ ಕಿಟಕಿ ಬಳಿ ನಿಂತಿದ್ದವಳು ಎಷ್ಟೋ ತಿಂಗಳ ಮೇಲೆ ಆ್ಯಪ್ ತೆಗೆದೆ. ಹಿಂದೆ ನೋಡಿದ ಆಟಗಳ ಪಟ್ಟಿ ಅದರಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಕೆಳಗೆ ಕೆಳಗೆ ಸರಿಸುತ್ತ ಹೋದೆ. ಪ್ರತಿ ಚಿತ್ರದ ಅಡಿಯಲ್ಲೂ ಎಷ್ಟು ನೋಡಿದ್ದೀರಿ ಎಂದು ಹೇಳುವ ಕೆಂಪು ಗೆರೆ. ನಾವು ನೋಡಿದವೆಲ್ಲ ಅರ್ಧಕ್ಕೇ ನಿಂತ ಗೆರೆಗಳು. ಒಂದರ ಕೆಳಗೆ ಮಾತ್ರ ಗೆರೆ ಈ ತುದಿಯಿಂದ ಆ ತುದಿಯವರೆಗೆ ಇತ್ತು. ಆ ಫೈನಲ್. ನಾನು ನೋಡಿರಲಿಲ್ಲ.

ಆ ಫೈನಲಿಗೆ ಮೊದಲಿನ ರಜಕ್ಕೆ ಗೌರಿಬಿದನೂರಿನ ತವರಿಗೆ ಹೋಗುವಾಗ ಓನರಮ್ಮನಿಗಾಗಿ ನನ್ನ ಲಾಗಿನ್ ಅನ್ನು ಸೊಸೆಯ ಫೋನಿಗೂ ಹಾಕಿಕೊಟ್ಟಿದ್ದು ನೆನಪಾಯಿತು. ಅವಳಿಗೆ ಫೋನ್ ಮಾಡಿ, ಆ ಫೈನಲನ್ನು ಓನರಮ್ಮ ನೋಡಿದ್ದರಾ ಎಂದು ಕೇಳಿದೆ.

"ಹೂಂ ಮಿಸ್," ಎಂದಳು. "ಹುಳ ಗೂಡು ಕಟ್ಟೋವಾಗ ಕೆಲ್ಸ ಇರಲ್ವಲ್ಲ, ಸೋಮವಾರ ನೀವು ಸ್ಕೂಲಿಗೆ ಹೋಗಿದ್ರಿ. ಹುಡುಕ್ಕೊಡು ಅಂದ್ರು, ಕೊಟ್ಟೆ. ಸೋಲ್ತಾಳೆ ಅಂತ ಗೊತ್ತಾದ ಮೇಲೂ ಎದ್ದೇಳಲಿಲ್ಲ ನಮ್ಮತ್ತೆ. ಮುಗಿದ್ಮೇಲೆ ಕಣ್ಣೊರೆಸ್ಕೊಂಡು, ‘ಟೀಚರಮ್ಮಂಗೆ ಹೇಳ್ಬೇಡ ಕಣೇ, ನಂಗೆ ನೋವಾಗ್ಬಾರ್ದು ಅಂತ ಅಷ್ಟು ಕಷ್ಟಪಟ್ಟು ಸುಳ್ಳು ಹೇಳವ್ರೆ, ಪಾಪ’ ಅಂದ್ರು."

ಫೋನಿಟ್ಟು ಅತ್ತೆ. ಹತ್ತನೇ ತರಗತಿಯನ್ನು ಒಂದು ನೋಟದಲ್ಲಿ ಕೂರಿಸುವ ಹೆಂಗಸು ನಾನು, ಮಗುವಿನ ಹಾಗೆ ಅತ್ತೆ. ಎರಡು ವರ್ಷ ಅವರು ನನ್ನ ಸುಳ್ಳನ್ನು ಕಾಪಾಡಿದ್ದರು. ಈಗ ತಪ್ಪಾಯಿತು ಎನ್ನೋಣವೆಂದರೆ ಅವರಿಲ್ಲ.

ಆ ಫೈನಲನ್ನು ನಾನು ಇವತ್ತಿಗೂ ನೋಡಿಲ್ಲ. ಒತ್ತಿದರೆ ಆಟ ಮೊದಲಿನಿಂದ ಶುರುವಾಗಿ, ಅವರು ಕೊನೆತನಕ ಕೂತಿದ್ದ ಆ ಗೆರೆ ಅಳಿಸಿಹೋಗುತ್ತದೆ.