ಲೊರೆನ್ಸನ ಹೊಟ್ಟೆಕಿಚ್ಚು
ಆಲ್ಪ್ಸ್ ತಪ್ಪಲಿನ ನಮ್ಮೂರಲ್ಲಿ, ಸ್ಕೀ ಹಾದಿ ಮುಗಿಯುವ ಕಡೆ ಬಾರ್ಲಿ ಸೂಪಿನ ಅಂಗಡಿ ಇಟ್ಟಿರುವ ಲೊರೆನ್ಸನಿಗೆ ಆ ಹಾದಿಯನ್ನು ಕಂಡರೇ ಆಗದು. ಕಾಲಿಗೆ ಸ್ಕೀಯೋ ಸ್ನೋಬೋರ್ಡೋ ಕಟ್ಟಿಕೊಂಡು ಹಿಮದ ದಿಬ್ಬಗಳನ್ನು ಹಾರಿ, ತಿರುವುಗಳಲ್ಲಿ ವಾಲಿ ಬರುವವರೆಲ್ಲ ಅವನ ಪಾಲಿಗೆ ಕೋತಿಗಳು. ಅವನ ಹೆಂಡತಿ ನೋಟ್ಬುರ್ಗಾ ದಿನವೂ ಕೇಕೆ ಹಾಕಿ ನಗುತ್ತ ಇಳಿದು ಬರುವಾಗಂತೂ ಅವನ ಸೌಟು ಪಾತ್ರೆಗೆ ಬಡಿಯುವ ಸದ್ದು ನಮಗೆಲ್ಲ ಕೇಳಿಸುತ್ತದೆ. “ನನ್ ಮಾತಿಗೆ ಒಂದಿನಾನೂ ಹಿಂಗ್ ನಕ್ಕಿಲ್ಲ ಇವ್ಳು” ಎಂದು ಗಿರಾಕಿಗಳ ಮುಂದೆ ಗೊಣಗುತ್ತಾನೆ. ಮೊನ್ನೆ ಅದು ಅವಳ ಕಿವಿಗೇ ಬಿತ್ತು. “ಹಂಗಾದ್ರೆ ನೀನೂ ಬಾ ಮಾರಾಯ” ಎಂದು ಅವನ ಕಾಲಿಗೂ ಸ್ಕೀ ಕಟ್ಟಿಸಿ ಮೇಲಕ್ಕೆ ಎಳೆದೊಯ್ದಳು. ಮೊದಲ ದಿಬ್ಬದಲ್ಲೇ ಮುಗ್ಗರಿಸಿದ ಲೊರೆನ್ಸ ಉಳಿದ ಹಾದಿಯನ್ನೆಲ್ಲ ಕುಂಡೆಯ ಮೇಲೆಯೇ ಜಾರಿ ಬಂದ. ಅವಳು ನಕ್ಕೂ ನಕ್ಕೂ ಕುಸಿದು ಕೂತಳು. ಗಡ್ಡದ ಹಿಮವನ್ನೂ ಒರೆಸಿಕೊಳ್ಳದೆ ಅವನು ಅವಳ ಹತ್ತಿರ ತೆವಳಿ ಹೋಗಿ ಕೇಳಿದ: “ಈಗ ನಕ್ಕಿದ್ದು ನನ್ನಿಂದ ತಾನೆ? ಈ ಹಾದಿಯಿಂದ ಅಲ್ವಲ್ಲ?”