ಬಾವಿಯ ಆಟ

ಕರಜಗಿಯಲ್ಲಿ ನನ್ನ ಕಬ್ಬಿನ ಹೊಲಕ್ಕೂ ಪಕ್ಕದ ಚಾಚಾನ ಹೊಲಕ್ಕೂ ಒಂದೇ ಬಾವಿ. ಒಂದು ದಿನ ಅವರ ಪಾಳಿ, ಒಂದು ದಿನ ನನ್ನದು. ಕಳೆದ ಬೇಸಿಗೆಯಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಆಳಂದದ ಕಡೆಯಿಂದ ಬಂದು, ಮೊಬೈಲಿನಲ್ಲಿ ಒಂದು ಆಟ ಆಡಿರೆಂದು ನಮ್ಮಿಬ್ಬರನ್ನೂ ಕೇಳಿದಳು. ಪರದೆಯ ಮೇಲೆ ಒಂದು ಬಾವಿ, ಅಕ್ಕಪಕ್ಕ ನಮ್ಮಿಬ್ಬರದೂ ಒಂದೊಂದು ಹೊಲ. ಪ್ರತಿ ಸರದಿಗೂ ಒಂದರಿಂದ ಐದು ಕೊಡದವರೆಗೆ ನೀರು ಎತ್ತಬಹುದು; ಹೆಚ್ಚು ಎತ್ತಿದವರಿಗೆ ಹೆಚ್ಚು ಬೆಳೆ. ಬಾವಿ ಬತ್ತಿದರೆ ಇಬ್ಬರ ಬೆಳೆಯೂ ಹೋಗುತ್ತದೆ.

ಹೆಸರು ಬರೆದುಕೊಳ್ಳುವುದಿಲ್ಲ ಎಂದಳು. ನನಗೆ ನಂಬಿಕೆ ಬರಲಿಲ್ಲ. ನಾಳೆ ಇದೇ ಲೆಕ್ಕ ಹಿಡಿದು ಕರೆಂಟಿನವರೋ ನೀರಾವರಿಯವರೋ ಬಂದರೆ? ಪ್ರತಿ ಸಲವೂ ಎರಡೇ ಕೊಡ ಒತ್ತಿದೆ. ಚಾಚಾ ಮಾತ್ರ ನಗುತ್ತಾ ಐದು, ಐದು, ಐದು ಎಂದು ಒತ್ತಿದರು. ಆಟ ಅಂದಮೇಲೆ ಗೆಲ್ಲಬೇಕಲ್ಲ ಎಂಬುದು ಅವರ ವಾದ.

ಆಟ ಮುಗಿದ ಮೇಲೆ ನಾನು ಹುಡುಗಿಯನ್ನು ಕೇಳಿದೆ: "ಇದರಾಗ ಮತ್ತೇನೇನು ಬರಕೊಂಡದ, ತಂಗಿ?"

ಅವಳು ಮುಚ್ಚಿಡಲಿಲ್ಲ. "ಒತ್ತೂಕಿಂತ ಮುಂಚೆ ಎಷ್ಟು ಹೊತ್ತು ತಡದ್ರಿ ಅನ್ನೋದೂ ಬರೀತದ್ರಿ, ಕಾಕಾ. ನೀವು ಪ್ರತಿ ಸಲ ಮೊದಲ ನಾಲ್ಕು ಒತ್ತಿ, ಅಳಿಸಿ, ಎರಡು ಮಾಡೀರಿ."

ಅಷ್ಟು ಸಣ್ಣ ಡಬ್ಬಿ ನನ್ನ ಬೆರಳನ್ನು ಕಾಯುತ್ತಾ ಕೂತಿತ್ತು. ಅಳಿಸಿಬಿಡು ಎಂದೆ. ಬೇಡವೆನ್ನುವ ಹಕ್ಕು ನಿಮಗಿದೆ ಎಂದು ಹೇಳಿ, ನನ್ನೆದುರೇ ಅಳಿಸಿದಳು. ಪರದೆ ಖಾಲಿಯಾಯಿತು. ಆದರೆ ಪರದೆ ಖಾಲಿಯಾದ ಮಾತ್ರಕ್ಕೆ ಒಳಗೂ ಖಾಲಿಯಾಯಿತೆಂದು ಹೇಗೆ ತಿಳಿಯುವುದು?

ಚಾಚಾನ ಜೊತೆ ಮನೆಗೆ ಬರುವಾಗ ದಾರಿಯಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ಆ ಬೇಸಿಗೆ ನೀರು ಇಳಿದಾಗ ಚಾಚಾ ತಮ್ಮ ಪಾಳಿಯಲ್ಲೂ ಅರ್ಧಕ್ಕೇ ಮೋಟಾರು ನಿಲ್ಲಿಸುತ್ತಿದ್ದರು, ನನಗೂ ನೀರು ಉಳಿಯಲೆಂದು. ಅವರ ಪಾಳಿಯ ದಿನವೇ, ಅವರು ಊಟಕ್ಕೆ ಹೋದ ಹೊತ್ತು ನೋಡಿ ಮೋಟಾರು ಹಾಕಿ, ಅವರು ಉಳಿಸಿದ ಆ ನೀರನ್ನೇ ನಾನು ನನ್ನ ಹೊಲಕ್ಕೆ ತಿರುಗಿಸಿಕೊಂಡಿದ್ದೆ, ಮೂರು ಸಲ. ಅದನ್ನು ಹೇಳಿಬಿಟ್ಟೆ.

ಚಾಚಾ ನಡೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದ. ಮೋಟಾರಿನ ಸಪ್ಪಳ ನಮ್ಮ ಮನಿತನಕ ಕೇಳ್ತದ," ಎಂದರು.

ಇಷ್ಟು ದಿನ ನನ್ನನ್ನು ಯಾಕೆ ಕೇಳಲಿಲ್ಲ ಎಂದು ನಾನು ಕೇಳಿದ್ದಕ್ಕೆ, ನೀನೇ ಹೇಳುತ್ತೀಯೋ ಇಲ್ಲವೋ ನೋಡುತ್ತಿದ್ದೆ ಎಂದರು. ಮರುದಿನ ಮೋಟಾರಿನ ಸ್ವಿಚ್ಚಿನ ಡಬ್ಬಿಗೆ ನನ್ನ ಹತ್ತಿರವಿದ್ದ ಕೀಲಿಯನ್ನು, ಇನ್ನು ನನ್ನ ಪಾಳಿಯಲ್ಲೂ ನೀವೇ ತೆಗೆಯಿರಿ ಎಂದು, ಅವರ ಕೈಗೇ ಕೊಟ್ಟೆ. ಬೇಡವೆನ್ನದೆ ಅದನ್ನು ಜೇಬಿಗೆ ಹಾಕಿಕೊಂಡರು.